ಜಸ್ಟಿಸ್ ಸೈಯದ್ ಮಹ್ಮೂದ್: ಪದಗಳ ಮೂಲ ಕೆದಕಿದ ನ್ಯಾಯಾಧೀಶ

ಸರ್ ಸೈಯದ್ ಅಹ್ಮದ್ ಖಾನ್‌ರ ಹೆಸರು ನಿಮಗೆಲ್ಲ ಗೊತ್ತು. ಆದರೆ ಅವರ ಮಗ ಸೈಯದ್ ಮಹ್ಮೂದ್‌ರ ಬಗ್ಗೆ ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಕಾನೂನು ಕಾಲೇಜಿನಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ಮುಸ್ಲಿಂ ವೈಯಕ್ತಿಕ ಕಾನೂನಿನ ಪಾಠದಲ್ಲಿ ಈ ಹೆಸರನ್ನು ಖಂಡಿತ ಕಂಡಿರುತ್ತೀರಿ. ಪರೀಕ್ಷೆಗೆ ಪ್ರಕರಣದ ಹೆಸರು ಬಾಯಿಪಾಠ ಮಾಡಿ ಮುಂದೆ ಹೋಗುವುದು ನಮ್ಮ ಅಭ್ಯಾಸ. ಆ ತೀರ್ಪುಗಳನ್ನು ಬರೆದ ಮನುಷ್ಯ ಯಾರು ಎಂದು ಕೇಳುವವರು ಕಡಿಮೆ.

ಅವರು ಹುಟ್ಟಿದ್ದು 1850ರಲ್ಲಿ, ದೆಹಲಿಯಲ್ಲಿ. ಸರಕಾರಿ ವಿದ್ಯಾರ್ಥಿವೇತನ ದೊರೆತಾಗ 1869ರಲ್ಲಿ ತಂದೆಯೊಂದಿಗೆ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಕಾನೂನು, ಕೇಂಬ್ರಿಡ್ಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿ ವಿದ್ಯಾಭ್ಯಾಸ. 1872ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿ ಅಲಹಾಬಾದ್ ಹೈಕೋರ್ಟಿನಲ್ಲಿ ವಕೀಲಿ ಆರಂಭಿಸಿದರು. 1882ರಲ್ಲಿ, ಮೂವತ್ತೆರಡರ ಪ್ರಾಯದಲ್ಲಿ, ಅದೇ ಹೈಕೋರ್ಟಿನ ಹಂಗಾಮಿ ನ್ಯಾಯಾಧೀಶರಾದರು. ಆ ನ್ಯಾಯಪೀಠದಲ್ಲಿ ಕುಳಿತ ಮೊದಲ ಭಾರತೀಯ ಅವರೇ. 1887ರಲ್ಲಿ ಹುದ್ದೆ ಕಾಯಂ ಆಯಿತು.

ಆ ಕಾಲದ ನ್ಯಾಯಾಲಯದ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಮದುವೆ, ಆಸ್ತಿಗಳ ವಿಷಯದಲ್ಲಿ ಮುಸ್ಲಿಮರಿಗೆ ಅವರದೇ ಕರ್ಮಶಾಸ್ತ್ರ ಅನ್ವಯವಾಗಬೇಕು. ಆದರೆ ತೀರ್ಪು ನೀಡುವ ಆಂಗ್ಲ ನ್ಯಾಯಾಧೀಶರಿಗೆ ಅರಬಿ ಬಾರದು. ಅವರ ಕೈಯಲ್ಲಿದ್ದದ್ದು ಹ್ಯಾಮಿಲ್ಟನ್ 1791ರಲ್ಲಿ ಪ್ರಕಟಿಸಿದ ಹಿದಾಯದ ಇಂಗ್ಲಿಷ್ ರೂಪ. ಅದೂ ಅರಬಿಯಿಂದ ನೇರವಾಗಿ ಬಂದದ್ದಲ್ಲ, ಫಾರ್ಸಿ ಅನುವಾದದ ಅನುವಾದ. ಅದರಲ್ಲಿ ಕರ್ಮಶಾಸ್ತ್ರದ ಹಲವು ಪದಗಳಿಗೆ ಇಂಗ್ಲಿಷ್ ಕಾನೂನಿನಿಂದ ಪದಗಳನ್ನು ತಂದು ಕೂರಿಸಲಾಗಿತ್ತು. ಪದದ ಜೊತೆಗೆ ಅದರ ಹಳೆಯ ಅರ್ಥವೂ ಒಳಗೆ ಬಂದುಬಿಡುತ್ತಿತ್ತು. ಮಹ್ಮೂದ್ ಹಿಡಿದದ್ದು ಈ ಎಳೆಯನ್ನೇ.

ಮಹ್ರ್ ಎಂಬ ಪದವನ್ನೇ ನೋಡಿ. ಇಂಗ್ಲಿಷಿನಲ್ಲಿ ಅದನ್ನು 'ಡವರ್' ಎಂದರು. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಡವರ್ ಎಂದರೆ ಗಂಡ ಸತ್ತ ಮೇಲೆ ವಿಧವೆಗೆ ಅವನ ಜಮೀನಿನ ಮೂರನೇ ಒಂದು ಪಾಲಿನ ಮೇಲೆ ಜೀವಮಾನದವರೆಗೆ ಇರುತ್ತಿದ್ದ ಹಕ್ಕು. ನಿಕಾಹ್‌ನ ಮಹ್ರ್‌ಗೂ ಇದಕ್ಕೂ ಏನು ಸಂಬಂಧ? ಮಹ್ರ್ ಪತಿ ಬದುಕಿರುವಾಗಲೇ ಪತ್ನಿಗೆ ಸಲ್ಲಬೇಕಾದ ಹಕ್ಕು, ಜಮೀನೇ ಆಗಿರಬೇಕೆಂದಿಲ್ಲ. (ಡವರ್ ಪದವನ್ನು 'ಡೌರಿ' ಎಂದು ಓದಿ ಮಹ್ರ್ ಎಂದರೆ ವರದಕ್ಷಿಣೆ ಎಂದು ತಿಳಿದವರೂ ಇದ್ದಾರೆ. ಕೊಡುವವರು, ಪಡೆಯುವವರು ಇಬ್ಬರೂ ಅದಲು ಬದಲು!)

1886ರ ಅಬ್ದುಲ್ ಖಾದಿರ್ ಮತ್ತು ಸಲೀಮಾ ಪ್ರಕರಣದಲ್ಲಿ ಈ ಗೊಂದಲ ಕಟಕಟೆಗೆ ಬಂತು. ಪತ್ನಿ ಮನೆಗೆ ಬರಬೇಕೆಂದು ಪತಿ ದಾವೆ ಹೂಡಿದ್ದ. ಮಹ್ರ್ ಬಾಕಿ ಇದೆ ಎಂಬುದು ಪತ್ನಿಯ ವಾದ. ಮದುವೆಯನ್ನು ಕ್ರಯಕ್ಕೂ ಮಹ್ರನ್ನು ಬೆಲೆಗೂ ಹೋಲಿಸಿದ ಮಾತು ಹಳೆಯ ಗ್ರಂಥಗಳಲ್ಲಿದೆ. ಅದನ್ನು ಅಕ್ಷರಶಃ ಹಿಡಿದರೆ ಬೆಲೆ ಸಲ್ಲದೆ ವ್ಯವಹಾರವೇ ಪೂರ್ಣವಾಗಲಿಲ್ಲ ಎಂದಾಗುತ್ತದೆ. ಮಹ್ಮೂದ್ ಮೂಲ ಗ್ರಂಥಗಳನ್ನು ಪರಿಶೀಲಿಸಿ, ಅದು ಹೋಲಿಕೆ ಮಾತ್ರ ಎಂದು ತೋರಿಸಿದರು. ನಿಕಾಹ್ ನಡೆದ ಕ್ಷಣದಲ್ಲೇ ಇಬ್ಬರಿಗೂ ಹಕ್ಕುಗಳು ಹುಟ್ಟುತ್ತವೆ. ಮಹ್ರ್ ಹೆಣ್ಣಿನ ಬೆಲೆಯಲ್ಲ, ಆಕೆಯ ಗೌರವಾರ್ಥ ಕಾನೂನು ಪತಿಯ ಮೇಲೆ ಹೊರಿಸಿದ ಹೊಣೆ. ಹಾಗೆಂದು ಬಾಕಿಯನ್ನು ಅವರು ಮನ್ನಾ ಮಾಡಲಿಲ್ಲ. ಮಹ್ರ್ ಸಲ್ಲಿಸುವ ಷರತ್ತಿನ ಮೇಲೆ ನ್ಯಾಯಾಲಯ ಡಿಕ್ರಿ ನೀಡಬಹುದೆಂದರು.

ಅದಕ್ಕೂ ಮೊದಲು, 1885ರಲ್ಲಿ, ಗೋಬಿಂದ್ ದಯಾಳ್ ಮತ್ತು ಇನಾಯತುಲ್ಲಾ ಪ್ರಕರಣದಲ್ಲಿ 'ಶುಫ್ಅ'ದ ಪ್ರಶ್ನೆ ಎದ್ದಿತ್ತು. ಪಾಲುದಾರನೋ ನೆರೆಯವನೋ ತನ್ನ ಆಸ್ತಿ ಮಾರಿದಾಗ, ಅದೇ ಬೆಲೆಗೆ ಅದನ್ನು ತಾನು ಪಡೆಯುವ ಹಕ್ಕು ಇದು. ಇದಕ್ಕೆ ಇಂಗ್ಲಿಷರು ಇಟ್ಟ ಹೆಸರು 'ಪ್ರಿ-ಎಂಪ್ಷನ್'. ಲ್ಯಾಟಿನ್ ಮೂಲದಲ್ಲಿ ಮುಂಚೆ ಕೊಳ್ಳುವುದು ಎಂದರ್ಥ. ಇಂಗ್ಲೆಂಡಿನಲ್ಲಿ ಅದು ಅರಮನೆಗೆ ಬೇಕಾದ ದಿನಸಿಯನ್ನು ಇತರರಿಗಿಂತ ಮೊದಲು ಕೊಳ್ಳುವ ದೊರೆಯ ವಿಶೇಷಾಧಿಕಾರ. ಜನ ಬೇಸತ್ತಿದ್ದ ಆ ಪದ್ಧತಿ 1660ರಲ್ಲಿ ರದ್ದಾಯಿತು. ಶುಫ್ಅದ ಅರಬಿ ಮೂಲಾಕ್ಷರಗಳಿಗಾದರೋ ಜೋಡಿಸು, ಒಂದಕ್ಕೆ ಇನ್ನೊಂದು ಸೇರಿಸು ಎಂಬ ಅರ್ಥ.

ಕಲ್ಕತ್ತಾ ಹೈಕೋರ್ಟು ಇದನ್ನು ಮರಳಿ ಕೊಳ್ಳುವ ದುರ್ಬಲ ಹಕ್ಕೆಂದು ಕಂಡಿತ್ತು. ಮಹ್ಮೂದ್ ಒಪ್ಪಲಿಲ್ಲ. ಹಕ್ಕುದಾರ ಖರೀದಿದಾರನಿಂದ ಮರಳಿ ಕೊಳ್ಳುವುದಿಲ್ಲ, ಅವನ ಸ್ಥಾನದಲ್ಲೇ ನಿಲ್ಲುತ್ತಾನೆ. ಹಕ್ಕು ಮಾರಾಟಕ್ಕೆ ಮೊದಲೇ ಇರುತ್ತದೆ, ಮಾರಾಟ ಅದನ್ನು ಚಲಾಯಿಸುವ ಸಂದರ್ಭವಷ್ಟೇ. ಹಾಗಾಗಿ ಖರೀದಿದಾರ ಮುಸ್ಲಿಮನಲ್ಲ ಎಂಬ ಕಾರಣಕ್ಕೆ ಹಕ್ಕು ಬಿದ್ದುಹೋಗದು ಎಂದರು.

ನನಗೆ ಇವೆರಡಕ್ಕಿಂತಲೂ ದೊಡ್ಡದೆನಿಸುವುದು 1891ರಲ್ಲಿ ವರದಿಯಾದ ಪೋಹ್ಪಿ ಪ್ರಕರಣದ ಭಿನ್ನಮತ. ಅದರಲ್ಲಿ ಕರ್ಮಶಾಸ್ತ್ರವಿಲ್ಲ. ಮೇಲ್ಮನವಿದಾರ ಹಾಜರಾದರೆ ಅವನನ್ನು ಆಲಿಸಬೇಕು ಎಂದು ಅಂದಿನ ಕಾನೂನು ಹೇಳುತ್ತಿತ್ತು. ಜೈಲಿನಲ್ಲಿರುವವನು, ವಕೀಲರಿಗೆ ಕೊಡಲು ಕಾಸಿಲ್ಲದವನು ಹಾಜರಾಗುವುದು ಹೇಗೆ? ಕಡತ ಓದಿ ಮುಗಿಸುವುದು ಆಲಿಸುವುದಾಗುತ್ತದೆಯೇ? ಆಗದು ಎಂದು ಮಹ್ಮೂದ್ ಬರೆದರು. ಪೀಠದ ಬಹುಮತ ಅವರ ಜೊತೆಗಿರಲಿಲ್ಲ.

ಇಂತಹವರ ಬದುಕು ಕೊನೆಗೆ ಸುಖವಾಗಿರಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಮದ್ಯದ ಚಟ ಅವರನ್ನು ಹಿಡಿದಿತ್ತು. ತೀರ್ಪುಗಳು ತಡವಾಗುತ್ತಿದ್ದವು. ಮುಖ್ಯ ನ್ಯಾಯಾಧೀಶ ಸರ್ ಜಾನ್ ಎಡ್ಜ್‌ರೊಂದಿಗೆ ವಿರಸ ಬೆಳೆದು 1893ರಲ್ಲಿ ರಾಜೀನಾಮೆ ನೀಡಬೇಕಾಯಿತು. ಅದರ ನಡುವೆಯೂ ಭಾರತದಲ್ಲಿನ ಇಂಗ್ಲಿಷ್ ಶಿಕ್ಷಣದ ಇತಿಹಾಸವನ್ನು ಬರೆದು 1895ರಲ್ಲಿ ಪ್ರಕಟಿಸಿದರು. 1898ರಲ್ಲಿ ತಂದೆ ತೀರಿಕೊಂಡ ಮೇಲೆ ಅಲಿಗಢ ಕಾಲೇಜಿನ ಕಾರ್ಯದರ್ಶಿಯಾದರೂ ಮರುವರ್ಷವೇ ಆ ಸ್ಥಾನ ಕೈತಪ್ಪಿತು. 1903ರಲ್ಲಿ, ಐವತ್ತಮೂರು ತುಂಬುವ ಮೊದಲೇ, ಸೀತಾಪುರದಲ್ಲಿ ನಿಧನರಾದರು. ಅಲಿಗಢದ ಮಸೀದಿಯ ಆವರಣದಲ್ಲಿ, ತಂದೆಯ ಬಳಿಯಲ್ಲೇ ಅವರ ಕಬರ್ ಇದೆ. ಮಗ ರಾಸ್ ಮಸೂದ್ ಮುಂದೆ ಅಲಿಗಢ ವಿಶ್ವವಿದ್ಯಾಲಯದ ಉಪಕುಲಪತಿಯಾದರು.

1958ರಲ್ಲಿ ಬಿಶನ್ ಸಿಂಗ್ ಪ್ರಕರಣದಲ್ಲಿ ಶುಫ್ಅದಂತಹ ಹಕ್ಕಿನ ಸ್ವರೂಪವೇನೆಂದು ಹೇಳಬೇಕಾದಾಗ ಸುಪ್ರೀಂ ಕೋರ್ಟು ಮಹ್ಮೂದ್‌ರ 1885ರ ತೀರ್ಪನ್ನೇ ತೆರೆಯಿತು. ಕಾನೂನು ಓದುವವರು ಆ ತೀರ್ಪನ್ನು ಗ್ರಂಥಾಲಯದಲ್ಲಿ ಕೇಳಿ ಪಡೆಯಿರಿ. ಉದ್ದವಾಗಿದೆ, ಬಿಡುವಿದ್ದಾಗಲೇ ಓದಬೇಕು.