ಕಿವಿ ಕೇಳದ ನಟ, ಮಾತಿನ ಮಲ್ಲ ಬಾಲಣ್ಣ

ಕನ್ನಡ ಚಿತ್ರರಂಗದಲ್ಲಿ ಮಾತಿನ ಮೊನಚಿಗೆ ಹೆಸರಾದ ನಟನಿಗೆ ಎದುರಿನವರ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಟಿ.ಎನ್. ಬಾಲಕೃಷ್ಣ ಅವರ ವೃತ್ತಿಜೀವನದ ಈ ವೈಚಿತ್ರ್ಯ ಅವರ ಅಭಿಮಾನಿಗಳಲ್ಲಿ ಅನೇಕರಿಗೆ ಬಹುಕಾಲ ತಿಳಿದೇ ಇರಲಿಲ್ಲ. ತೆರೆಯ ಮೇಲೆ ಅದರ ಸುಳಿವು ಸಿಗದಂತೆ ಅವರು ನೋಡಿಕೊಂಡಿದ್ದರು.

1911ರಲ್ಲಿ ಅರಸೀಕೆರೆಯಲ್ಲಿ ಹುಟ್ಟಿದ ಬಾಲಕೃಷ್ಣ ಕಡು ಬಡತನದಲ್ಲಿ ಬೆಳೆದವರು. ಅಕ್ಷರಕ್ಕಿಂತ ಹೆಚ್ಚಾಗಿ ಅವರನ್ನು ರೂಪಿಸಿದ್ದು ವೃತ್ತಿ ನಾಟಕ ಕಂಪನಿಗಳು. ಎಂ.ವಿ. ರಾಜಮ್ಮ ನಿರ್ಮಿಸಿದ 'ರಾಧಾರಮಣ' (1943) ಅವರನ್ನು ಬೆಳ್ಳಿತೆರೆಗೆ ತಂದಿತು. ಮುಂದೆ ನಿರ್ದೇಶಕರಾಗಿ ಖ್ಯಾತರಾದ ಜಿ.ವಿ. ಅಯ್ಯರ್ ಕೂಡ ಅದೇ ಚಿತ್ರದ ಮೂಲಕ ಚಿತ್ರರಂಗ ಪ್ರವೇಶಿಸಿದರು.

ಕಿವಿಯ ಕೊರತೆಯನ್ನು ಅವರು ಕಣ್ಣಿನಿಂದ ತುಂಬಿಕೊಂಡರು. ಸಹನಟರ ತುಟಿಯ ಚಲನೆಯನ್ನು ಗಮನಿಸಿ, ತಮ್ಮ ಸಂಭಾಷಣೆಯ ಜತೆಗೆ ಎದುರಿನವರದನ್ನೂ ಮನನ ಮಾಡಿಕೊಂಡು, ಸರಿಯಾದ ಕ್ಷಣಕ್ಕೆ ಉತ್ತರ ಕೊಡುತ್ತಿದ್ದರು. ಹಾಸ್ಯದಲ್ಲಿ ಅರೆಕ್ಷಣ ತಡವಾದರೂ ನಗು ಸತ್ತುಹೋಗುತ್ತದೆ. ಅಂಥ ಕಡೆಯೂ ಬಾಲಣ್ಣ ಎಡವಲಿಲ್ಲ ಎಂಬುದೇ ಅವರ ಅಭ್ಯಾಸದ ಕಠೋರತೆಗೆ ಸಾಕ್ಷಿ. ನಗಿಸುವುದಷ್ಟೇ ಅಲ್ಲ, ಊರು ಕೆಡಿಸುವ ಕುತಂತ್ರಿಯಾಗಿ ಪ್ರೇಕ್ಷಕರ ಶಾಪಕ್ಕೂ ಗುರಿಯಾಗಬಲ್ಲವರಾಗಿದ್ದರು. ಒಂದೇ ಪಾತ್ರದಲ್ಲಿ ಖಳತನವನ್ನೂ ಹಾಸ್ಯವನ್ನೂ ಬೆರೆಸುವ ಆ ಹದ ಅವರ ನಂತರ ಹೆಚ್ಚು ಮಂದಿಗೆ ಒಲಿದಿಲ್ಲ.

ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಎಂಬ ಮೂರು ಹೆಸರುಗಳು ಒಂದು ಕಾಲದಲ್ಲಿ ಒಟ್ಟಿಗೇ ಉಚ್ಚಾರಗೊಳ್ಳುತ್ತಿದ್ದವು. ಐವತ್ತರ ದಶಕದಲ್ಲಿ ಕನ್ನಡ ಚಿತ್ರಗಳು ವಿರಳವಾಗಿದ್ದು, ಕಲಾವಿದರು ಕೆಲಸಕ್ಕಾಗಿ ಮದರಾಸಿನ ಸ್ಟುಡಿಯೋಗಳ ಬಾಗಿಲು ಕಾಯಬೇಕಾಗಿದ್ದಾಗ, ಈ ಮೂವರು ಜಿ.ವಿ. ಅಯ್ಯರ್ ಜತೆಗೂಡಿ ನಾಟಕಗಳನ್ನಾಡುತ್ತ ಊರೂರು ಸುತ್ತಿದರು. ಆ ಒಗ್ಗಟ್ಟಿನ ಫಲವಾಗಿ ಕಲಾವಿದರ ಸಂಘದ ಹೆಸರಿನಲ್ಲಿ 'ರಣಧೀರ ಕಂಠೀರವ' (1960) ತೆರೆಕಂಡಿತು. ನಟರೇ ನಿರ್ಮಾಪಕರಾಗುವ ಸಾಹಸ ಆಗ ಸಣ್ಣದಾಗಿರಲಿಲ್ಲ. 'ಬಂಗಾರದ ಮನುಷ್ಯ' (1972) ಬರುವ ಹೊತ್ತಿಗೆ ಬಾಲಣ್ಣ ಅರವತ್ತು ದಾಟಿದ್ದರು. ಅದರಲ್ಲಿ ನಾಯಕ ರಾಜೀವನಿಗೆ ಹಳ್ಳಿಯಲ್ಲಿ ಹೆಗಲೆಣೆಯಾಗಿ ನಿಲ್ಲುವ ರಾಚೂಟಪ್ಪನನ್ನು, ಚಿತ್ರ ನೋಡಿದವರು ಇಂದಿಗೂ ಮರೆತಿಲ್ಲ.

ಒಟ್ಟು 500ಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರು ಅಭಿನಯಿಸಿದರು. ದುಡಿದದ್ದನ್ನು ಕೂಡಿಟ್ಟಿದ್ದರೆ ಮುಪ್ಪು ನಿಶ್ಚಿಂತೆಯಾಗಿ ಕಳೆಯುತ್ತಿತ್ತು. ಆದರೆ ಕನ್ನಡ ಚಿತ್ರಗಳು ಕನ್ನಡ ನೆಲದಲ್ಲೇ ತಯಾರಾಗಬೇಕೆಂಬ ಹಟ ಅವರದು. ಬೆಂಗಳೂರಿನ ಕೆಂಗೇರಿ ಸಮೀಪ ಸರಕಾರ ನೀಡಿದ 20 ಎಕರೆ ಜಮೀನಿನಲ್ಲಿ ಅವರು ಕಟ್ಟಲು ಹೊರಟ ಅಭಿಮಾನ್ ಸ್ಟುಡಿಯೋ ಆ ಹಟದ ಕೂಸು. ಉದ್ಯಮಿಗೆ ಬೇಕಾದ ಬಂಡವಾಳ ನಟನ ಬಳಿ ಇರಲಿಲ್ಲ. ಸಂಭಾವನೆಯ ಹಣ ಅಲ್ಲಿ ಕರಗಿತು, ಸಾಲ ಬೆಳೆಯಿತು. ಇಳಿವಯಸ್ಸಿನಲ್ಲೂ ಬಾಲಣ್ಣ ಸಿಕ್ಕ ಪಾತ್ರಗಳನ್ನೆಲ್ಲ ಒಪ್ಪಿಕೊಂಡದ್ದರ ಹಿಂದೆ ಕಲಾಪ್ರೇಮ ಎಷ್ಟಿತ್ತೋ, ಸ್ಟುಡಿಯೋದ ಭಾರವೂ ಅಷ್ಟೇ ಇತ್ತು ಎನ್ನಬೇಕು. ಮದರಾಸಿಗೆ ಸರಿಸಾಟಿಯಾದ ಸ್ಟುಡಿಯೋ ಅದಾಗಲಿಲ್ಲ.

1995ರ ಜುಲೈನಲ್ಲಿ ಬಾಲಕೃಷ್ಣ ನಿಧನರಾದರು. 2009ರ ಡಿಸೆಂಬರ್‌ನಲ್ಲಿ ನಟ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ನಡೆದದ್ದು ಅಭಿಮಾನ್ ಸ್ಟುಡಿಯೋ ಆವರಣದಲ್ಲಿಯೇ. ಅನಂತರ ಆ ಹೆಸರು ಜನರ ಬಾಯಲ್ಲಿ ವಿಷ್ಣು ಸಮಾಧಿಯ ಜತೆಗೇ ಬೆರೆತುಹೋಯಿತು. 2025ರ ಆಗಸ್ಟ್‌ನಲ್ಲಿ ಆ ಸಮಾಧಿಯನ್ನು ನೆಲಸಮ ಮಾಡಿದಾಗ ಅಭಿಮಾನಿಗಳು ಬೀದಿಗಿಳಿದರು. ಆ ಗದ್ದಲದ ನಡುವೆ, ಈ ಜಮೀನಿನಲ್ಲಿ ಸ್ಟುಡಿಯೋ ಕಟ್ಟಲು ಹೊರಟಿದ್ದ ಬಾಲಣ್ಣನ ಹೆಸರೂ ಬಹಳ ವರ್ಷಗಳ ಬಳಿಕ ಸುದ್ದಿಯಲ್ಲಿ ಕಾಣಿಸಿಕೊಂಡಿತು.