ಪೇಟೆಯ ದಾರಿ ಕೇಳಿದ ಮುಹಾಜಿರ್: ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)



ನಿಮ್ಮ ಮನೆಯಿಂದಲೋ ನೆರೆಮನೆಯಿಂದಲೋ ಯಾರಾದರೂ ಹೊರನಾಡಿಗೆ ಹೋಗಿರಬಹುದು. ನಾಲ್ಕಾರು ವರ್ಷ ದುಡಿದು ಮರಳುವವರ ಮಾತು ಬೇರೆ. ಮಡದಿ ಮಕ್ಕಳೊಂದಿಗೆ ಹೋಗಿ ಅಲ್ಲಿಯೇ ಖಾಯಂ ಆಗಿ ನೆಲೆಸಲು ಕಾಗದಪತ್ರ ಸಿದ್ಧಪಡಿಸುತ್ತಿರುವವರ ಮಾತು ಬೇರೆ. ಅವರು ಏನೇನು ಒಯ್ಯಬೇಕೆಂದು ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಸಂಗತಿಯಿದೆ. ಅದೇನೆಂದು ತಿಳಿಯಲು ಮಕ್ಕಾವನ್ನು ತೊರೆದು ಮದೀನಾದಲ್ಲಿ ಮನೆಮಾಡಿದ ಒಬ್ಬ ವ್ಯಾಪಾರಿಯ ಬದುಕನ್ನು ನೋಡೋಣ.

ಅವರು ಕುರೈಶರ ಬನೂ ಝುಹ್ರಾ ಗೋತ್ರದವರು. ಇಸ್ಲಾಮ್ ಸ್ವೀಕರಿಸಿದ ಮೊದಲಿಗರಲ್ಲಿ ಒಬ್ಬರು. ಅಬ್ದು ಅಮ್ರ್ ಎಂದಿದ್ದ ಅವರ ಹೆಸರನ್ನು ಪ್ರವಾದಿವರ್ಯರು(ಸ) ಅಬ್ದುರ್ರಹ್ಮಾನ್ ಎಂದು ಬದಲಾಯಿಸಿದರು. ಮಕ್ಕಾದಲ್ಲಿ ಹಿಂಸೆ ಮಿತಿಮೀರಿದಾಗ, ಕ್ರಿ.ಶ. 615ರಲ್ಲಿ ಅಬಿಸೀನಿಯಾಕ್ಕೆ ಹೊರಟ ಮೊದಲ ತಂಡದಲ್ಲಿ ಅವರೂ ಇದ್ದರು. ಆದರೆ ಅದು ಆಶ್ರಯವಾಗಿತ್ತು, ನೆಲೆಯಾಗಿರಲಿಲ್ಲ. ಅಲ್ಲಿಂದ ಮಕ್ಕಾಕ್ಕೆ ಮರಳಿದರು. 622ರಲ್ಲಿ ಅವರು ಮದೀನಾಕ್ಕೆ ಹೊರಟದ್ದು ಮಾತ್ರ ಶಾಶ್ವತವಾಗಿ.

ಊರು ಬಿಡುವುದೆಂದರೆ ಆಸ್ತಿಯನ್ನೂ ಬಿಡುವುದು. ಮಕ್ಕಾದಲ್ಲಿ ಉಳಿದ ತಮ್ಮ ಸೊತ್ತನ್ನು ಉಮಯ್ಯಾ ಬಿನ್ ಖಲಫ್ ನೋಡಿಕೊಳ್ಳಬೇಕು, ಮದೀನಾದಲ್ಲಿ ಅವನ ಹಿತವನ್ನು ತಾವು ನೋಡಿಕೊಳ್ಳುವೆವು ಎಂದು ಅವರು ಒಪ್ಪಂದಪತ್ರ ಬರೆಸಿಕೊಂಡರು. ಉಮಯ್ಯಾ ಇಸ್ಲಾಮಿನ ಕಡು ವಿರೋಧಿ. ಅಲ್ಲಾಹನ ಮೇಲೆ ಭರವಸೆಯಿಡುವುದೆಂದರೆ ಲೆಕ್ಕಪತ್ರವನ್ನು ಕೈಬಿಡುವುದಲ್ಲ ಎಂಬುದನ್ನು ನೀವು ಇಲ್ಲಿ ಗಮನಿಸಬೇಕು.

ಮದೀನಾದಲ್ಲಿ ಪ್ರವಾದಿವರ್ಯರು(ಸ) ಬಂದ ಮುಹಾಜಿರ್‌ಗಳಿಗೂ ಸ್ಥಳೀಯ ಅನ್ಸಾರ್‌ಗಳಿಗೂ ಸಹೋದರತೆಯ ಬೆಸುಗೆ ಹಾಕಿದರು. ಅಬ್ದುರ್ರಹ್ಮಾನ್(ರ) ಅವರ ಸಹೋದರನಾಗಿ ಸಿಕ್ಕಿದವರು ಸಅದ್ ಬಿನ್ ರಬೀಅ್(ರ). ಅನ್ಸಾರ್‌ಗಳಲ್ಲಿ ಸ್ಥಿತಿವಂತರು. ತಮ್ಮ ಸಂಪತ್ತಿನಲ್ಲಿ ಸರಿಯರ್ಧ ತೆಗೆದುಕೊಳ್ಳಿ ಎಂದರು. ತಮಗೆ ಇಬ್ಬರು ಪತ್ನಿಯರಿದ್ದಾರೆ, ಒಬ್ಬರಿಗೆ ತಲಾಖ್ ಕೊಡುತ್ತೇನೆ, ಇದ್ದತ್ ಮುಗಿದ ಮೇಲೆ ನೀವು ವಿವಾಹವಾಗಬಹುದು ಎಂದೂ ಹೇಳಿದರು. ಇದು ಬರೀ ಬಾಯುಪಚಾರವಾಗಿರಲಿಲ್ಲ. ಅಬ್ದುರ್ರಹ್ಮಾನ್(ರ) ಹೂಂ ಎಂದಿದ್ದರೆ ಅಂದೇ ಪಾಲಾಗಿಬಿಡುತ್ತಿತ್ತು.

ಒಂದು ಕ್ಷಣ ನಿಮ್ಮನ್ನು ಅವರ ಸ್ಥಾನದಲ್ಲಿಟ್ಟು ಯೋಚಿಸಿರಿ. ಪರಊರು, ಕೈಯಲ್ಲಿ ಹಣವಿಲ್ಲ, ಕೊಡುವವರು ಮನಸಾರೆ ಕೊಡುತ್ತಿದ್ದಾರೆ. ತೆಗೆದುಕೊಂಡರೆ ಯಾರೂ ತಪ್ಪೆನ್ನುವಂತಿಲ್ಲ. ಆದರೆ ಅವರು ಸಅದ್(ರ) ಅವರ ಕುಟುಂಬಕ್ಕೂ ಸಂಪತ್ತಿಗೂ ಬರಕತ್ ಬೇಡಿದರು. ಬಳಿಕ, ವ್ಯಾಪಾರ ನಡೆಯುವ ಪೇಟೆ ಎಲ್ಲಿದೆಯೆಂದು ಕೇಳಿದರು. ಸಿಕ್ಕಿದ ಉತ್ತರ ಬನೂ ಖೈನುಖಾ ಪೇಟೆ. ಬೆಳಗಾದೊಡನೆ ಹೋದರು. ಕೊಂಡು ಮಾರಿ, ಒಣಗಿಸಿದ ಗಟ್ಟಿ ಮೊಸರು ಮತ್ತು ತುಪ್ಪವನ್ನು ಲಾಭವಾಗಿ ತಂದರು. ಮರುದಿನವೂ ಹೋದರು.

ಎಲ್ಲ ಮುಹಾಜಿರ್‌ಗಳೂ ವ್ಯಾಪಾರ ಬಲ್ಲವರಾಗಿರಲಿಲ್ಲ. ಅನ್ಸಾರ್‌ಗಳು ತಮ್ಮ ಖರ್ಜೂರದ ತೋಟಗಳನ್ನು ಹಂಚಿಕೊಡಲು ಮುಂದಾದಾಗ ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಬಂದವರು ತೋಟದಲ್ಲಿ ದುಡಿಯುವುದು, ಫಸಲಿನಲ್ಲಿ ಪಾಲು ಪಡೆಯುವುದು ಎಂದು ತೀರ್ಮಾನವಾಯಿತು. ಕೆಲವರು ಪ್ರೀತಿಯಿಂದ ಕೊಟ್ಟಿದ್ದ ಮರಗಳನ್ನೂ 628ರಲ್ಲಿ ಖೈಬರ್‌ನ ವಿಜಯದ ಬಳಿಕ ಮುಹಾಜಿರ್‌ಗಳು ಹಿಂದಿರುಗಿಸಿದರು. ಆದ್ದರಿಂದ ಕಷ್ಟದಲ್ಲಿ ಸಹಾಯ ಪಡೆಯುವುದು ತಪ್ಪೆಂದು ಯಾರೂ ಭಾವಿಸಬಾರದು. ಅದನ್ನೇ ಜೀವನೋಪಾಯ ಮಾಡಿಕೊಳ್ಳುವುದು ಮಾತ್ರ ಅವರ ರೀತಿಯಾಗಿರಲಿಲ್ಲ.

ಕೆಲವು ದಿನಗಳ ನಂತರ ಅಬ್ದುರ್ರಹ್ಮಾನ್(ರ) ಬಂದಾಗ ಅವರ ಮೈಮೇಲೆ ಸುಗಂಧದ ಹಳದಿ ಗುರುತಿತ್ತು. ಪ್ರವಾದಿವರ್ಯರು(ಸ) ವಿಚಾರಿಸಿದರು. ಅನ್ಸಾರ್ ಮಹಿಳೆಯೊಬ್ಬರನ್ನು ವಿವಾಹವಾಗಿರುವೆನೆಂದೂ ಖರ್ಜೂರದ ಬೀಜದ ತೂಕದ ಚಿನ್ನವನ್ನು ಮಹ್ರ್ ಕೊಟ್ಟಿರುವೆನೆಂದೂ ತಿಳಿಸಿದರು. ಒಂದು ಆಡನ್ನು ಕೊಯ್ದಾದರೂ ವಲೀಮಾ ಮಾಡುವಂತೆ ಪ್ರವಾದಿವರ್ಯರು(ಸ) ಆದೇಶಿಸಿದರು. ನಿನ್ನೆಯವರೆಗೆ ಅತಿಥಿಯಾಗಿದ್ದವರು ಊರವರನ್ನು ಕರೆದು ಉಣಬಡಿಸುವ ಗೃಹಸ್ಥರಾದರು.

ಇನ್ನು ಸಅದ್(ರ) ಅವರ ಕಥೆ. 625ರ ಉಹುದ್ ಯುದ್ಧದಲ್ಲಿ ಅವರು ಹುತಾತ್ಮರಾದರು. ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟುಹೋಗಿದ್ದರು. ಅವರ ಸಹೋದರ ಅಂದಿನ ಪದ್ಧತಿಯಂತೆ ಇಡೀ ಆಸ್ತಿಯನ್ನು ವಶಪಡಿಸಿಕೊಂಡ. ಕೈಯಲ್ಲಿ ಏನೂ ಇಲ್ಲದ ಈ ಹುಡುಗಿಯರನ್ನು ಯಾರು ಮದುವೆಯಾಗುತ್ತಾರೆಂದು ಅವರ ತಾಯಿ ಪ್ರವಾದಿವರ್ಯರ(ಸ) ಬಳಿ ದೂರು ತಂದರು. ಆಗ ಸೂರಃ ಅನ್ನಿಸಾದ ವಾರೀಸಿನ ವಚನ ಅವತೀರ್ಣವಾಯಿತು. ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಪಾಲು, ವಿಧವೆಗೆ ಎಂಟರಲ್ಲೊಂದು ಪಾಲು, ಉಳಿದದ್ದು ಚಿಕ್ಕಪ್ಪನಿಗೆ ಎಂದು ತೀರ್ಪಾಯಿತು.

ಓದುಗರೇ, ಅಂದು ಅಬ್ದುರ್ರಹ್ಮಾನ್(ರ) ಅರ್ಧ ಆಸ್ತಿಗೆ ಕೈಚಾಚಿದ್ದರೆ ಈ ಅನಾಥೆಯರ ಪಾಲು ಎಷ್ಟಾಗುತ್ತಿತ್ತು? ಮೂರೇ ವರ್ಷಗಳಲ್ಲಿ ಹೀಗಾಗುವುದೆಂದು ಅವರಿಗೆ ಗೊತ್ತಿರಲಿಲ್ಲ. ಪರರ ಮನೆಯ ಸೊತ್ತಿನ ಬಗ್ಗೆ ಅವರಲ್ಲಿದ್ದ ಸಂಕೋಚ ಅವರನ್ನು ಕಾಪಾಡಿತು, ಆ ಹುಡುಗಿಯರನ್ನೂ ಕಾಪಾಡಿತು. ನಾನು ಹೇಳಿದ ಪಟ್ಟಿಯಲ್ಲಿ ಬಿಟ್ಟುಹೋಗುವುದು ಇದೇ ಸಂಕೋಚ. ಹೊಸ ದೇಶದಲ್ಲಿ ಮೊದಲ ತಿಂಗಳು ಜಾಗ ಕೊಟ್ಟ ಬಂಧುವಿನ ಮನೆಯಲ್ಲೂ, ಬಡವರಿಗೆಂದು ಆ ಸರಕಾರ ಮೀಸಲಿಟ್ಟ ನೆರವಿನ ಮುಂದೆಯೂ ಅದು ನಮ್ಮ ಜೊತೆಗಿರಬೇಕು. ನಾವು ಅಗತ್ಯವಿಲ್ಲದೆ ತೆಗೆದುಕೊಂಡದ್ದು ನಮಗೆ ಕಾಣದ ಯಾರದೋ ಮಗುವಿನ ಪಾಲಾಗಿರಬಹುದು.

ಮುಂದೆ ಅಬ್ದುರ್ರಹ್ಮಾನ್(ರ) ಮದೀನಾದ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದರು. ಒಮ್ಮೆ ಉಪವಾಸ ತೊರೆಯಲು ಊಟ ತಂದಿಟ್ಟಾಗ ಅವರಿಗೆ ಮುಸ್‌ಅಬ್ ಬಿನ್ ಉಮೈರ್(ರ) ನೆನಪಾದರು. ಹಿಜ್ರತ್‌ಗೆ ಮೊದಲೇ ಮದೀನಾಕ್ಕೆ ಬಂದು ಕುರ್‌ಆನ್ ಕಲಿಸಿ ಎಲ್ಲರಿಗಾಗಿ ನೆಲ ಹಸನು ಮಾಡಿದವರು. ಉಹುದ್‌ನಲ್ಲಿ ಹುತಾತ್ಮರಾದಾಗ ಅವರ ಕಫನ್ ತಲೆಗೆ ಎಳೆದರೆ ಪಾದಕ್ಕೆ ಸಾಲುತ್ತಿರಲಿಲ್ಲ. ತಮ್ಮ ಸತ್ಕರ್ಮದ ಪ್ರತಿಫಲವನ್ನೆಲ್ಲ ಇಹದಲ್ಲೇ ಕೊಟ್ಟು ಮುಗಿಸಲಾಯಿತೇ ಎಂದು ಹೆದರಿ ಅಬ್ದುರ್ರಹ್ಮಾನ್(ರ) ಅತ್ತರು. ಊಟ ಹಾಗೆಯೇ ಉಳಿಯಿತು.

630ರಲ್ಲಿ ಮಕ್ಕಾ ಮುಸ್ಲಿಮರ ಕೈಸೇರಿತು. ಹುಟ್ಟೂರು ತೆರೆದುಕೊಂಡರೂ ಮುಹಾಜಿರ್‌ಗಳು ಅಲ್ಲಿಗೆ ವಾಪಸಾಗಲಿಲ್ಲ. ಹಜ್ಜ್‌ನ ಕರ್ಮಗಳು ಮುಗಿದ ಮೇಲೆ ಅವರಿಗೆ ಮಕ್ಕಾದಲ್ಲಿ ಮೂರು ದಿನ ತಂಗಲು ಮಾತ್ರ ಅನುಮತಿಯಿತ್ತು. ಹಿಜರಿ 32ರಲ್ಲಿ ಅಬ್ದುರ್ರಹ್ಮಾನ್(ರ) ಮದೀನಾದಲ್ಲೇ ನಿಧನರಾದರು. ಪೇಟೆಯ ದಾರಿ ಕೇಳುತ್ತಾ ಬಂದಿದ್ದ ಊರಿನ ಜನ್ನತುಲ್ ಬಖೀಯಲ್ಲಿ ಅವರನ್ನು ದಫನ ಮಾಡಲಾಯಿತು.

ನಮ್ಮ ಮಕ್ಕಳು ಎಲ್ಲಿ ನೆಲೆಸಿದರೂ ಆ ನೆಲಕ್ಕೆ ಹೊರೆಯಾಗದೆ, ಹಲಾಲ್ ದುಡಿಮೆಯಿಂದ ಬದುಕಿ, ನಾಲ್ವರಿಗೆ ಉಣಬಡಿಸುವವರಾಗುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.