ಶ್ರೀ ಜಯಚಾಮರಾಜೇಂದ್ರ ಒಡೆಯರ್ (1919–1974): ವಾದ್ಯವೃಂದದ ಪೋಷಕರು, ವಾಗ್ಗೇಯಕಾರರು

ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರ್ ಅವರು ಆಡಳಿತಗಾರರಾಗಿ ಸುಪರಿಚಿತರು. ಲಂಡನ್ ನಗರದ ಫಿಲ್‌ಹಾರ್ಮೋನಿಯಾ ವಾದ್ಯವೃಂದವು ತನ್ನ ಆರಂಭದ ವರ್ಷಗಳಲ್ಲಿ ನೆಲೆಯೂರಲು ಅವರು ನೀಡಿದ ನೆರವು ನಾಡಿನಲ್ಲಿ ಅಷ್ಟಾಗಿ ತಿಳಿದಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಹಾಗೂ ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿಯವರ ಏಕಮಾತ್ರ ಪುತ್ರರಾಗಿ 1919ರ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. 1938ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿ ಪಡೆದರು. ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರೊಂದಿಗೆ ಪಾಶ್ಚಾತ್ಯ ವಾದ್ಯವೃಂದವೂ ಇದ್ದಿತು. ಜರ್ಮನಿಯ ಓಟ್ಟೋ ಶ್ಮಿಟ್ ಅವರು ಆ ವೃಂದದ ನಿರ್ದೇಶಕರಾಗಿದ್ದರು. ಈ ವಾತಾವರಣದಲ್ಲಿ ಬೆಳೆದ ರಾಜಕುಮಾರರು ಪಿಯಾನೋ ವಾದಕರಾಗಬೇಕೆಂದು ಹಂಬಲಿಸಿದ್ದರು.

1940ರ ಮಾರ್ಚ್ ತಿಂಗಳಿನಲ್ಲಿ ತಂದೆಯವರು, ಆಗಸ್ಟ್ ತಿಂಗಳಿನಲ್ಲಿ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ನಿಧನರಾದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಸಿಂಹಾಸನದ ಹೊಣೆ ಅವರ ಮೇಲೆ ಬಿದ್ದಿತು. ವೇದಿಕೆಯ ಮೇಲಿನ ವಾದಕರ ಜೀವನ ಅವರಿಗೆ ದೊರೆಯಲಿಲ್ಲ. ಆದರೂ ಅಭ್ಯಾಸವನ್ನು ಕೈಬಿಡದೆ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಅರ್ಹತೆ ಪಡೆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋಶಿಪ್ ನೀಡಿತು.

ವಾದ್ಯವೃಂದಕ್ಕೆ ನೆರವು

ರಷ್ಯಾವನ್ನು ತೊರೆದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತ ರಚನಕಾರರು ಇಳಿವಯಸ್ಸಿನಲ್ಲಿ ಅನಾರೋಗ್ಯ ಹಾಗೂ ಹಣದ ಅಡಚಣೆಗೆ ಒಳಗಾಗಿದ್ದರು. ಅವರ ಕೃತಿಗಳನ್ನು ಮುದ್ರಿಸಿಕೊಳ್ಳಲು ಮಹಾರಾಜರು ವೆಚ್ಚ ಭರಿಸಿದರು. ಇದರಿಂದಾಗಿ ಮೆಟ್ನರ್ ಅವರು 1951ರಲ್ಲಿ ನಿಧನರಾಗುವ ಮುನ್ನ ತಮ್ಮ ಮೂರೂ ಪಿಯಾನೋ ಕಾಂಚೆರ್ಟೋಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಸ್ವತಃ ನುಡಿಸಿ ಧ್ವನಿಮುದ್ರಿಸಲು ಸಾಧ್ಯವಾಯಿತು. ಮೂರನೆಯ ಕಾಂಚೆರ್ಟೋವನ್ನು ಅವರು ಮಹಾರಾಜರಿಗೆ ಅರ್ಪಿಸಿದರು.

ಫಿಲ್‌ಹಾರ್ಮೋನಿಯಾವನ್ನು ವಾಲ್ಟರ್ ಲೆಗ್ ಅವರು 1945ರಲ್ಲಿ ಸ್ಥಾಪಿಸಿದ್ದರು. ಯುದ್ಧಾನಂತರದ ದಿನಗಳಲ್ಲಿ ಅಷ್ಟು ದೊಡ್ಡ ವೃಂದವನ್ನು ನಡೆಸುವುದು ಸುಲಭವಾಗಿರಲಿಲ್ಲ. ಮೈಸೂರಿಗೆ ಬಂದ ಲೆಗ್ ಅವರೊಂದಿಗೆ ಚರ್ಚಿಸಿದ ಮಹಾರಾಜರು ವಾರ್ಷಿಕ ನೆರವು ನೀಡಲು ಒಪ್ಪಿದರು ಹಾಗೂ 1948ರಲ್ಲಿ ಫಿಲ್‌ಹಾರ್ಮೋನಿಯಾ ಕಚೇರಿ ಸಂಘದ ಪ್ರಥಮ ಅಧ್ಯಕ್ಷರಾದರು. ಈ ಬೆಂಬಲದಿಂದ ಹೆರ್ಬರ್ಟ್ ಫಾನ್ ಕರಾಯನ್ ಅವರ ನಿರ್ದೇಶನದಲ್ಲಿ ಬಲಕಿರೆವ್ ಹಾಗೂ ರೂಸೆಲ್ ಅವರ ಸಿಂಫನಿಗಳು 1949ರಲ್ಲಿ ಧ್ವನಿಮುದ್ರಣಗೊಂಡವು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಪ್ರಥಮ ಬಾರಿಗೆ ಪ್ರಸ್ತುತಗೊಂಡವು. ಫುರ್ಟ್‌ವೆಂಗ್ಲರ್ ಅವರು ನಿರ್ದೇಶಿಸಿದರು, ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಅವರು ಹಾಡಿದರು. ಈ ಕಚೇರಿಗೆ ಮಹಾರಾಜರು 4,800 ಡಾಲರ್‌ಗಳ ಖಾತರಿ ನೀಡಿದ್ದರು. ಅವರು ಅಲ್ಲಿಗೆ ತೆರಳಲಾಗಲಿಲ್ಲ. ಮೈಸೂರಿನಲ್ಲಿ ಕೇಳುವ ಸಲುವಾಗಿ ಅದನ್ನು ಧ್ವನಿಮುದ್ರಿಸಲಾಯಿತು.

ಆಡಳಿತ ಮತ್ತು ಕೈಗಾರಿಕೆ

1947ರಲ್ಲಿ ಮಹಾರಾಜರು ಸಂಸ್ಥಾನವನ್ನು ಭಾರತ ಒಕ್ಕೂಟಕ್ಕೆ ಸೇರಿಸುವ ಪತ್ರಕ್ಕೆ ಸಹಿ ಹಾಕಿದರು. 1950ರಿಂದ 1956ರವರೆಗೆ ರಾಜಪ್ರಮುಖರಾಗಿ, ತದನಂತರ 1964ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ, 1966ರವರೆಗೆ ಮದ್ರಾಸಿನ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. ಸಂಸ್ಥಾನದ ಬೊಕ್ಕಸ ಕೈತಪ್ಪಿದ ಮೇಲೆ ವಿದೇಶದ ವಾದ್ಯವೃಂದಕ್ಕೆ ನೀಡುತ್ತಿದ್ದ ನೆರವು ಕೆಲವೇ ವರ್ಷಗಳಲ್ಲಿ ನಿಂತಿತು.

ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳಿಗೂ ಈ ಅವಧಿಗೂ ನಿಕಟ ಸಂಬಂಧವಿದೆ. ವೈಟ್‌ಫೀಲ್ಡ್ ವಸಾಹತಿಗೆ ಭೂಮಿ ನೀಡಿದವರು ಅವರ ಅಜ್ಜ ಹತ್ತನೆಯ ಚಾಮರಾಜ ಒಡೆಯರ್. ನಗರದ ಪೂರ್ವದಲ್ಲಿ ವಿಮಾನ ಕಾರ್ಖಾನೆಯು 1940ರಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಆರಂಭವಾಯಿತು. ದೂರವಾಣಿನಗರದ ಐ.ಟಿ.ಐ. 1948ರಲ್ಲಿ, ಪೀಣ್ಯದ ನೆರೆಯ ಜಾಲಹಳ್ಳಿಯ ಎಚ್.ಎಂ.ಟಿ. 1953ರಲ್ಲಿ, ಬಿ.ಇ.ಎಲ್. 1954ರಲ್ಲಿ ಸ್ಥಾಪನೆಯಾದವು.

ಕೃತಿರಚನೆ

ಲಂಡನ್ನಿನ ನಂಟು ಸಡಿಲವಾಗುತ್ತಿದ್ದಂತೆ ಅವರ ಒಲವು ಕರ್ನಾಟಕ ಸಂಗೀತದತ್ತ ಹರಿಯಿತು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ಅವರಿಗೆ ದೊರೆಯಿತು. ಶ್ರೀವಿದ್ಯಾ ಅಂಕಿತದಲ್ಲಿ ರಚಿಸಿದ 94 ಕೃತಿಗಳು ಅವರದಾಗಿವೆ. ಋಗ್ವೇದದ ಕನ್ನಡ ಸಂಪುಟಗಳನ್ನೊಳಗೊಂಡ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯು ಅವರ ಆಶ್ರಯದಲ್ಲಿ ಹೊರಬಂದಿತು. 1966ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಅವರಿಗೆ ಸಂದಿತು.

1974ರ ಸೆಪ್ಟೆಂಬರ್ 23ರಂದು ಅವರು ನಿಧನರಾದರು. ಅವರ ನೆರವಿನಿಂದ ಮೂಡಿದ ಧ್ವನಿಮುದ್ರಣಗಳನ್ನು ಸಂಗೀತಾಭ್ಯಾಸಿಗಳು ಇಂದಿಗೂ ಆಲಿಸುತ್ತಾರೆ. ಅವರ ಕೃತಿಗಳು ಸಂಗೀತ ಸಭೆಗಳಲ್ಲಿ ಹಾಡಲ್ಪಡುತ್ತಿವೆ. ಕರ್ನಾಟಕ ಹಾಗೂ ಪಾಶ್ಚಾತ್ಯ ವಾದ್ಯಗಳೆರಡನ್ನೂ ಒಟ್ಟಿಗೆ ಪೋಷಿಸಿದ ಅರಮನೆಯ ಪರಂಪರೆಯನ್ನು ರಾಜ್ಯ ಪೊಲೀಸ್ ವಾದ್ಯವೃಂದಗಳು ಮೈಸೂರು ದಸರಾ ಉತ್ಸವದಲ್ಲಿ ಮುಂದುವರಿಸಿಕೊಂಡು ಬಂದಿವೆ.